ರಸ್ತೆ ಕಲಿತರೆ ಮಿದುಳು ಬೆಳೆಯುತ್ತಾ?

ಮಳೆಗಾಲ: ನಿನ್ನೆ ಮೆಜೆಸ್ಟಿಕ್‌ನಿಂದ ಬಸವನಗುಡಿಗೆ ಆಟೋ ಹತ್ತಿದೆ. ಡ್ರೈವರ್‌ಗೆ ಅರವತ್ತು ದಾಟಿರಬೇಕು. ಫೋನು ಮುಟ್ಟಲೇ ಇಲ್ಲ, ಯಾವ್ಯಾವುದೋ ಗಲ್ಲಿಯಲ್ಲಿ ನುಗ್ಗಿಸಿ ಸಿಗ್ನಲ್ಲೇ ಸಿಗದ ಹಾಗೆ ಮನೆ ಮುಂದೆ ಇಳಿಸಿದರು. ಲಂಡನ್ ಟ್ಯಾಕ್ಸಿಯವರ ಮಿದುಳು ದಾರಿ ಕಲಿತೂ ಕಲಿತೂ ದೊಡ್ಡದಾಗುತ್ತದೆ ಅಂತ ಎಲ್ಲೋ ಓದಿದ್ದೆ. ನಿಜಾನಾ?

ಸಂಶಯಪ್ಪ: ಇಡೀ ಮಿದುಳಲ್ಲ ಸ್ವಾಮಿ. 2000ದಲ್ಲಿ ಅಲ್ಲಿನ ಮಿದುಳು ವಿಜ್ಞಾನಿ ಎಲಿನಾರ್ ಮಗ್ವಾಯರ್ ಅವರ ತಂಡ 16 ಡ್ರೈವರ್‌ಗಳನ್ನು ಸ್ಕ್ಯಾನ್ ಮಾಡಿತ್ತು. ನೆನಪಿಗೆ, ದಾರಿ ಗುರುತಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದ ಹಿಂತುದಿ ಮಾತ್ರ ಬೇರೆಯವರಿಗಿಂತ ದೊಡ್ಡದಿತ್ತು. ಮುಂತುದಿ ಚಿಕ್ಕದಿತ್ತು, ಅದನ್ನು ಯಾರೂ ಹೇಳಲ್ಲ. ಅಲ್ಲದೆ ಅಂಥ ಮಿದುಳು ಇದ್ದವರೇ ಆ ಕೆಲಸಕ್ಕೆ ಬಂದಿರಬಹುದಲ್ವಾ? ಬ್ಯಾಸ್ಕೆಟ್‌ಬಾಲ್ ಆಡೋರೆಲ್ಲ ಉದ್ದ ಇದ್ದಾರೆ, ಆಡಿ ಆಡಿ ಉದ್ದ ಆದರು ಅಂತೀರಾ?

ಲಂಡನ್ನಿನಿಂದ: ನಮ್ಮ ಬೀದಿಗೆ ಬಂದು ನೋಡಿ ಸಾರ್. ಸಣ್ಣ ಮೊಪೆಡ್, ಹ್ಯಾಂಡಲ್ ಮೇಲೆ ಕ್ಲಿಪ್ಪು ಹಾಕಿದ ಮ್ಯಾಪು, ಮಳೆಗೆ ಅದರ ಮೇಲೊಂದು ಪ್ಲಾಸ್ಟಿಕ್ಕು. ಹುಡುಗ ತಿರುವಿನಲ್ಲಿ ನಿಲ್ಲಿಸಿ, ಮಗ್ಗಿ ಒಪ್ಪಿಸುವ ಹಾಗೆ ಬೀದಿ ಹೆಸರು ಗೊಣಗುತ್ತಾನೆ. ಟ್ಯಾಕ್ಸಿ ಲೈಸೆನ್ಸಿಗೆ ಬೇಕಾದ ‘ನಾಲೆಡ್ಜ್’ ಅನ್ನೋ ಪರೀಕ್ಷೆಗೆ ಈ ತಯಾರಿ. ಊರ ನಡುವಿನ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿಯೊಳಗೆ ಸುಮಾರು 25,000 ಬೀದಿ. ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಹುಟ್ಟಿನಿಂದಲೇ ಬಂದಿದ್ದರೆ ಇಷ್ಟು ಒದ್ದಾಟ ಯಾಕೆ?

ಟೀಚರಮ್ಮ: ಸಂಶಯಪ್ಪನವರೇ, ನಿಮ್ಮ ಪ್ರಶ್ನೆಗೆ ಅದೇ ಮಗ್ವಾಯರ್ 2011ರಲ್ಲಿ ಉತ್ತರ ಕೊಟ್ಟರು. ಕಲಿಯಲು ಸೇರಿದ 79 ಜನರನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡರು. ಆಗ ಅವರಿಗೂ ಬೇರೆಯವರಿಗೂ ವ್ಯತ್ಯಾಸ ಇರಲಿಲ್ಲ. ಮೂರ್ನಾಲ್ಕು ವರ್ಷ ಬಿಟ್ಟು ನೋಡಿದರೆ ಪಾಸಾದ 39 ಜನರಲ್ಲಿ ಹಿಂತುದಿ ಬೆಳೆದಿತ್ತು, ಫೇಲಾದವರಲ್ಲಿ ಇಲ್ಲ. ಸುಮ್ನೆ ಗಾಡಿ ಓಡಿಸಿದ್ದಕ್ಕೆ ಅಂತಲೂ ಹೇಳೋಕಾಗಲ್ಲ. ಅದೇ ಊರಿನ ಬಸ್ ಡ್ರೈವರ್‌ಗಳನ್ನು 2006ರಲ್ಲೇ ಹೋಲಿಸಿದ್ದರು. ದಿನವೂ ಒಂದೇ ರೂಟಿನಲ್ಲಿ ಹೋಗುವ ಅವರಲ್ಲಿ ಟ್ಯಾಕ್ಸಿಯವರಷ್ಟು ಕಾಣಲಿಲ್ಲ.

ಸಂಶಯಪ್ಪ: ಅರ್ಧ ಒಪ್ಪಿದೆ. ಆದರೆ ಯಾರ ಮಿದುಳು ಸುಲಭವಾಗಿ ಬಗ್ಗುತ್ತದೋ ಅವರೇ ಪಾಸಾಗಿರಬಹುದು. ಈ ಸಾಧ್ಯತೆಯನ್ನು ಆ ಸಂಶೋಧಕರೂ ತಳ್ಳಿಹಾಕಿಲ್ಲ. ಇನ್ನೊಂದು, ಸ್ಕ್ಯಾನಿನಲ್ಲಿ ಕಾಣೋದು ಗಾತ್ರ. ಒಳಗೆ ಹೊಸ ನರಕೋಶ ಹುಟ್ಟಿತೋ, ಇದ್ದ ಕೋಶಗಳ ನಡುವೆಯೇ ಕೊಂಡಿ ಜಾಸ್ತಿ ಆಯಿತೋ, ಅದಕ್ಕೆ ಗೊತ್ತಾಗಲ್ಲ.

ಮಳೆಗಾಲ: ಅದೆಲ್ಲ ಇರಲಿ. ನಾನೂ ಜಯನಗರದ ಕ್ರಾಸು, ಮೇನು ಎಲ್ಲ ಬಾಯಿಪಾಠ ಮಾಡಿದರೆ ನೆನಪಿನ ಶಕ್ತಿ ಸುಧಾರಿಸುತ್ತಾ? ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿರಲ್ಲ.

ಟೀಚರಮ್ಮ: ಕನ್ನಡಕ ಹುಡುಕೋದು ತಪ್ಪೋದಿಲ್ಲ ಬಿಡಿ. ಒಂದು ಗೋಜಲು ಚಿತ್ರ ಕೊಟ್ಟು ನಕಲು ಮಾಡಿಸಿ, ಸ್ವಲ್ಪ ಹೊತ್ತಾದ ಮೇಲೆ ನೋಡದೆ ಬಿಡಿಸಿ ಅಂದರೆ, ಪಾಸಾದ ಡ್ರೈವರ್‌ಗಳು ಬೇರೆಯವರಿಗಿಂತ ಹಿಂದೆ ಬಿದ್ದಿದ್ದರು. ಬೀದಿ ತುಂಬಿಸಿಕೊಂಡದ್ದಕ್ಕೆ ಬೇರೆ ಕಡೆ ದಂಡ ಕಟ್ಟಿದ ಹಾಗೆ.

ಲಂಡನ್ನಿನಿಂದ: ಕೆಲಸ ಬಿಟ್ಟ ಡ್ರೈವರ್‌ಗಳಲ್ಲಿ ಆ ಹಿಂತುದಿಯ ಗಾತ್ರ, ಈ ಚಿತ್ರದ ನೆನಪು ಎರಡೂ ಹಿಂದಿನ ಸ್ಥಿತಿಯತ್ತ ತಿರುಗುವ ಲಕ್ಷಣ ಕಂಡಿದೆ. ಆದರೆ ನೋಡಿದ್ದು ಕೆಲವೇ ಜನರನ್ನು.

ಮಳೆಗಾಲ: ಟೀಚರಮ್ಮ, ದಂಡ ಅಂದಿದ್ದಕ್ಕೆ ನೆನಪಾಯ್ತು. ಆ ಆಟೋದವರು ನನಗೆ ಚಿಲ್ಲರೆ ಕೊಡೋಕೆ ಮೂರು ಜೇಬು, ಸೀಟಿನ ಕೆಳಗೆ ಎಲ್ಲ ತಡಕಾಡಿದರು. ನೋಟು ಕೈಯಲ್ಲೇ ಇತ್ತು.