ಅಪ್‌ಡೇಟ್: ಅಡಿಕೆ ಎಲೆಚುಕ್ಕೆಯ ಶಿಲೀಂಧ್ರ, ಐಟಿಎಸ್ ಎಂಬ ಡಿಎನ್‌ಎ ಭಾಗ ಒಂದೇ ಸಾಲದು

ಅಡಿಕೆ ಎಲೆಚುಕ್ಕೆಯಿಂದ ತೆಗೆದ ಕೊಲೆಟೋಟ್ರೈಕಮ್ ಶಿಲೀಂಧ್ರಕ್ಕೆ ಪಿಸಿಆರ್‌ನಲ್ಲಿ (ಡಿಎನ್‌ಎ ಭಾಗವನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಬ್ಯಾಂಡೇ (ನಕಲಾದ ಭಾಗ ಜೆಲ್‌ನಲ್ಲಿ ತೋರುವ ಗೆರೆ) ಬರುತ್ತಿಲ್ಲ, ಪ್ರಭೇದ ಗುರುತಿಸೋದು ಹೇಗೆ ಅಂತ ಕೇಳಿದ್ದೆ. ಈಗ ಬಂದಿದೆ.

ತೊಡಕಿದ್ದದ್ದು ಡಿಎನ್‌ಎಯಲ್ಲಿ. ಪಿಡಿಎ (ಆಲೂಗಡ್ಡೆ ಸಾರದ ಬೆಳೆಮಾಧ್ಯಮ) ಪ್ಲೇಟಿನಲ್ಲಿ ಕಪ್ಪಗಾದ ಹಳೇ ಕವಕಜಾಲದ (ಶಿಲೀಂಧ್ರದ ಎಳೆಗಳ) ಮೆಲನಿನ್, ಪಾಲಿಸ್ಯಾಕರೈಡ್‌ಗಳು ಡಿಎನ್‌ಎ ನಕಲು ಮಾಡುವ ಕಿಣ್ವವಾದ ಟ್ಯಾಕ್ ಪಾಲಿಮರೇಸನ್ನೇ ಕಟ್ಟಿಹಾಕುತ್ತವೆ. ಒಂಟಿ ಬೀಜಕದಿಂದ ಬೆಳೆಸಿದ, ಇನ್ನೂ ಬೆಳ್ಳಗಿರುವ ಎಳೇ ಕವಕವನ್ನೇ ತಗೊಳ್ಳಿ. 1.4 ಮೋಲಾರ್ ಉಪ್ಪಿರುವ ಸಿಟಿಎಬಿ ಬಫರಿಗೆ (ಡಿಎನ್‌ಎ ತೆಗೆಯುವ ದ್ರಾವಣ) ಶೇ. 1 ಪಿವಿಪಿ (ಕಲ್ಮಶ ಹಿಡಿಯುವ ಪುಡಿ) ಸೇರಿಸಿ, ಬಂದ ಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ. ಐಟಿಎಸ್1, ಐಟಿಎಸ್4 ಪ್ರೈಮರ್ (ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕು), ಅದು ಅಂಟುವ ಅನೀಲಿಂಗ್ ಹಂತಕ್ಕೆ 55 ಡಿಗ್ರಿ, 35 ಸೈಕಲ್: ಬ್ಯಾಂಡ್ 550–600 ಬಿಪಿ (ಬೇಸ್ ಜೋಡಿ) ಆಸುಪಾಸು.

ಆ ಬ್ಯಾಂಡಿನ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಕ್ರಮ) ಮಾಡಿಸಿದ ಮೇಲೆ ಬ್ಲಾಸ್ಟ್‌ನಲ್ಲಿ (ದಾಖಲಾದ ಸೀಕ್ವೆನ್ಸ್‌ಗಳ ಜೊತೆ ಹೋಲಿಸುವ ತಂತ್ರಾಂಶ) 100% ಹೊಂದಿಕೆ ಕಂಡು ಹಿಗ್ಗಬೇಡಿ. ಕೊಲೆಟೋಟ್ರೈಕಮ್‌ನ ಗ್ಲಿಯೋಸ್ಪೋರಿಯಾಯ್ಡಿಸ್ ಗುಂಪಿನ ಎಷ್ಟೋ ಪ್ರಭೇದಗಳಿಗೆ ಐಟಿಎಸ್ ಹೆಚ್ಚುಕಮ್ಮಿ ಒಂದೇ. ಜೊತೆಗೆ ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನ ಹಳೇ ದಾಖಲೆಗಳಲ್ಲಿ ತಪ್ಪು ಹೆಸರು ಬೇಕಾದಷ್ಟು. ಜಿಎಪಿಡಿಎಚ್, ಟಿಯುಬಿ2, ಎಪಿಮ್ಯಾಟ್ ಎಂಬ ಬೇರೆ ಡಿಎನ್‌ಎ ಭಾಗಗಳನ್ನೂ ಸೀಕ್ವೆನ್ಸ್ ಮಾಡಿಸಿ, ಟೈಪ್ ಸ್ಟ್ರೇನ್‌ಗಳ (ಪ್ರಭೇದದ ಹೆಸರಿಗೆ ಆಧಾರವಾದ ಮಾದರಿ ತಳಿಗಳು) ಜೊತೆಗಷ್ಟೇ ವಂಶವೃಕ್ಷ ಕಟ್ಟಿ. ದುಡ್ಡು ಕಮ್ಮಿಯಿದ್ದರೆ ಮೊದಲು ಎಪಿಮ್ಯಾಟ್, ಈ ಗುಂಪನ್ನು ಅದೇ ಚೆನ್ನಾಗಿ ಬಿಡಿಸುತ್ತೆ.

ಹೆಸರು ಸಿಕ್ಕಮೇಲೂ ಅದೇ ಐಸೊಲೇಟನ್ನು (ಎಲೆಯಿಂದ ಬೇರ್ಪಡಿಸಿ ಬೆಳೆಸಿದ ಶಿಲೀಂಧ್ರ) ಆರೋಗ್ಯವಾದ ಸಸಿಗೆ ಸಿಂಪಡಿಸಿ ಚುಕ್ಕೆ ಬರಿಸಿ, ಅದರಿಂದ ಮತ್ತೆ ಶಿಲೀಂಧ್ರ ತೆಗೆಯಲೇಬೇಕು. ಯಾಕೆಂದರೆ ಕೊಲೆಟೋಟ್ರೈಕಮ್ ರೋಗವಿಲ್ಲದ ಎಲೆಯೊಳಗೂ ಸುಮ್ಮನೆ ಕೂತಿರುತ್ತದೆ.