ಪದಚರ್ಚೆ: ಸಂಶೋಧನ ಲೇಖನದ ಶೀರ್ಷಿಕೆ ವಿಷಯವನ್ನು ಸೂಚಿಸಬೇಕೆ, ಫಲಿತವನ್ನೂ ಹೇಳಬೇಕೆ?

ಮಾನ್ಯರೆ,

ಸಂಶೋಧನ ಲೇಖನಗಳ ಶೀರ್ಷಿಕೆಗಳನ್ನು ಕನ್ನಡದಲ್ಲಿ ಬರೆಯುವಾಗ ಎದುರಾಗುವ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಲೇಖನ ಯಾವುದನ್ನು ಕುರಿತದ್ದು ಎಂದಷ್ಟೇ ತಿಳಿಸುವ ಶೀರ್ಷಿಕೆ ಒಂದು ಬಗೆಯದು. ಏನು ಕಂಡುಬಂತೆಂಬುದನ್ನೂ ಪೂರ್ಣ ವಾಕ್ಯದಲ್ಲಿ ಹೇಳಿಬಿಡುವುದು ಇನ್ನೊಂದು ಬಗೆಯದು. ಇವನ್ನು ‘ವಿವರಣಾತ್ಮಕ’, ‘ಘೋಷಣಾತ್ಮಕ’ ಎನ್ನಬಹುದಾದರೂ, ಮೊದಲನೆಯದು ಏನನ್ನೂ ವಿವರಿಸುವುದಿಲ್ಲ, ಎರಡನೆಯದರಲ್ಲಿ ಮೆರವಣಿಗೆಯ ಕೂಗು ಕೇಳಿಸುತ್ತದೆ. ಆದ್ದರಿಂದ ‘ವಿಷಯಸೂಚಕ’, ‘ಫಲಿತಸೂಚಕ’ ಎಂಬ ಜೋಡಿಯನ್ನು ಇಲ್ಲಿ ಬಳಸುತ್ತೇನೆ.

ಐನ್‌ಸ್ಟೈನ್ 1905ರಲ್ಲಿ ವಿಶೇಷ ಸಾಪೇಕ್ಷತೆಯನ್ನು ಮಂಡಿಸಿದ ಲೇಖನದ ಹೆಸರು ‘ಚಲಿಸುವ ಕಾಯಗಳ ವಿದ್ಯುಚ್ಚಲನಶಾಸ್ತ್ರವನ್ನು ಕುರಿತು’ ಎಂದು. ಸಾಪೇಕ್ಷತೆಯ ಸುಳಿವೇ ಅದರಲ್ಲಿಲ್ಲ. ಅದೇ ವರ್ಷದ ಮತ್ತೊಂದು ಕಿರುಲೇಖನದ ಶೀರ್ಷಿಕೆ, ಕಾಯದ ಜಡತ್ವವು ಅದರಲ್ಲಿರುವ ಶಕ್ತಿಯನ್ನು ಅವಲಂಬಿಸಿದೆಯೇ ಎಂಬ ಪ್ರಶ್ನೆ. ಉತ್ತರ ಬೇಕಾದವರು ಒಳಗೆ ಓದಬೇಕು. ರಾಮನ್ ಮತ್ತು ಕೃಷ್ಣನ್ 1928ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ‘ಹೊಸ ಬಗೆಯ ದ್ವಿತೀಯಕ ವಿಕಿರಣ’ ಅರ್ಧ ಹೆಜ್ಜೆ ಮುಂದಿದೆ: ಹೊಸದೊಂದು ಸಿಕ್ಕಿದೆ ಎನ್ನುತ್ತದೆ, ಹೊಸತನ ಏನೆಂದು ಹೇಳುವುದಿಲ್ಲ.

ಸಂಚಿಕೆಯ ಪುಟ ತಿರುವಿ ಓದುವವರಿಗೆ ಇಷ್ಟು ಸಾಕಿತ್ತು. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ‘ಕ್ವಿಕ್’ (KWIC, ಅಂದರೆ ಸಂದರ್ಭಸಹಿತ ಮುಖ್ಯಪದ) ಸೂಚಿಯಲ್ಲಾದರೋ ಕಂಪ್ಯೂಟರು ಶೀರ್ಷಿಕೆಯ ಮುಖ್ಯ ಪದಗಳನ್ನು ಒಂದೊಂದಾಗಿ ಗೊತ್ತಾದ ಅಂಕಣಕ್ಕೆ ತಂದು, ಅಕ್ಕಪಕ್ಕದ ಪದಗಳ ಸಮೇತ ಅಕಾರಾದಿಯಾಗಿ ಜೋಡಿಸುತ್ತಿತ್ತು. ನಾಲ್ಕು ಗಟ್ಟಿ ಪದಗಳಿದ್ದ ಶೀರ್ಷಿಕೆ ನಾಲ್ಕು ಕಡೆ ಸಿಗುತ್ತಿತ್ತು. ‘ಕೆಲವು ಟಿಪ್ಪಣಿಗಳು’ ಎಂಬಂಥದು ಸಿಕ್ಕಿಯೂ ಪ್ರಯೋಜನವಿರಲಿಲ್ಲ. ಇಂದಿನ ಹುಡುಕಾಟದಲ್ಲೂ ಶೀರ್ಷಿಕೆಯ ಪದಗಳಿಗೆ ಈ ಬೆಲೆ ಇದೆ. ವೈದ್ಯಕೀಯದಲ್ಲಂತೂ, ಪ್ರಯೋಗವು ಯಾದೃಚ್ಛಿಕ ಹಂಚಿಕೆಯದೆಂದು (ಭಾಗವಹಿಸಿದವರನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿದ್ದೆಂದು) ಶೀರ್ಷಿಕೆಯಲ್ಲೇ ಗುರುತಿಸಬೇಕೆಂದು, ಇಂಥ ಪ್ರಯೋಗಗಳ ವರದಿ ಬರೆಯುವವರಿಗಾಗಿ ರೂಪಿಸಿದ 2010ರ ಕನ್ಸಾರ್ಟ್ ಮಾರ್ಗಸೂಚಿ ಹೇಳಿತು. ಶೀರ್ಷಿಕೆಯಲ್ಲಿ ಕೋಲನ್ನಿನ (:) ಆಚೆಗೆ ಅಧ್ಯಯನದ ವಿಧಾನ ಬಂದು ಕೂರುವುದಕ್ಕೆ ಇದೂ ಒಂದು ಕಾರಣ.

ನನ್ನ ಮುಖ್ಯ ಪ್ರಶ್ನೆ ಕ್ರಿಯಾಪದದ್ದು. ‘ಗೋಧಿ ಸಸಿಗಳ ಬೇರಿನ ಮೇಲೆ ಲವಣಾಂಶದ ಪರಿಣಾಮ’ ಎಂದರೆ ಪರಿಣಾಮ ಒಳ್ಳೆಯದೋ ಕೆಟ್ಟದ್ದೋ ತಿಳಿಯದು. ‘ಲವಣಾಂಶವು ಗೋಧಿ ಸಸಿಗಳ ಬೇರನ್ನು ಕುಂಠಿತಗೊಳಿಸುತ್ತದೆ’ ಎಂದರೆ ತಿಳಿಯುತ್ತದೆ, ಆದರೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವಾಗಿನ ಕ್ರಿಯಾರೂಪವೇ ಇಲ್ಲಿಯೂ ಇರುವುದರಿಂದ, ಒಂದು ಪ್ರಯೋಗದಲ್ಲಿ ಕಂಡದ್ದು ಸಾರ್ವಕಾಲಿಕ ನಿಯಮದಂತೆ ತೋರುತ್ತದೆ. ‘ಕುಂಠಿತಗೊಳಿಸಿತು’ ಎಂಬುದು ಪ್ರಾಮಾಣಿಕವಾದರೂ ವರದಿಗಾರಿಕೆಯ ಧಾಟಿಯದು. ‘ಕುಂಠಿತಗೊಳಿಸಬಹುದು’ ಎಂದರೆ ಪ್ರಯೋಗ ಮಾಡಿಯೂ ಅನುಮಾನದಲ್ಲೇ ಉಳಿದಂತೆ. ಕೃದಂತವನ್ನು (ಕ್ರಿಯಾಪದದಿಂದ ಹುಟ್ಟಿ ವಿಶೇಷಣದಂತೆ ನಿಲ್ಲುವ ರೂಪವನ್ನು) ಬಳಸಿ ‘ಲವಣಾಂಶದಿಂದ ಕುಂಠಿತಗೊಂಡ ಬೇರು’ ಎಂದರೆ ವಾಕ್ಯವಾಗದೆಯೇ ಫಲಿತ ತಿಳಿಯುತ್ತದೆ, ಭೂತಕಾಲವೂ ಉಳಿಯುತ್ತದೆ. ನನಗೆ ಇದೇ ಹಿಡಿಸಿದೆ. ಆದರೆ ವಿಶೇಷಣಗಳು ಬೆಳೆದು ‘ಲವಣಾಂಶದಿಂದ ಕುಂಠಿತಗೊಂಡ ಗೋಧಿ ಸಸಿಗಳ ಬೇರು’ ಎಂದಾದೊಡನೆ ಕುಂಠಿತಗೊಂಡದ್ದು ಸಸಿಯೋ ಬೇರೋ ಎಂಬ ಸಂದೇಹ ಹುಟ್ಟುತ್ತದೆ. ‘ಲವಣಾಂಶದಿಂದ ಕುಂಠಿತಗೊಂಡ ಬೇರು: ಗೋಧಿ ಸಸಿಗಳಲ್ಲಿ ಒಂದು ಅಧ್ಯಯನ’ ಎಂದು ಒಡೆದರೆ ಸಂದೇಹ ನೀಗುತ್ತದೆ.

ಹಾಗೆ ಒಡೆದಾಗ ಬರುವ ‘ಒಂದು ಅಧ್ಯಯನ’ ಮಾತ್ರ ಬಹುಪಾಲು ಅಲಂಕಾರವೇ. ಶೀರ್ಷಿಕೆಯಲ್ಲಿ ‘ಒಂದು’ ನಿಜವಾಗಿ ದುಡಿಯುವ ಜಾಗ ಬೇರೆ ಇದೆ: ಮಾಹಿತಿ ಸಿದ್ಧಾಂತಕ್ಕೆ ತಳಹದಿ ಹಾಕಿದ ಕ್ಲಾಡ್ ಶಾನನ್‌ರ 1948ರ ಲೇಖನದ ಇಂಗ್ಲಿಷ್ ಹೆಸರಿನ ಮೊದಲಲ್ಲಿದ್ದ ‘ಎ’ (ಹಲವುಗಳಲ್ಲಿ ಒಂದು ಎಂಬರ್ಥದ್ದು) 1949ರಲ್ಲಿ ಅದು ಪುಸ್ತಕವಾದಾಗ ‘ದ’ (ಇದೇ ಎಂದು ನಿರ್ದಿಷ್ಟವಾಗಿ ಸೂಚಿಸುವಂಥದ್ದು) ಆಯಿತು. ಕನ್ನಡದಲ್ಲಿ ‘ಸಂವಹನದ ಒಂದು ಗಣಿತೀಯ ಸಿದ್ಧಾಂತ’ ಎಂಬಲ್ಲಿಂದ ‘ಒಂದು’ ಅನ್ನು ತೆಗೆದರೆ ಆ ಬದಲಾವಣೆ ಹೆಚ್ಚುಕಡಿಮೆ ಬಂದೇಬಿಡುತ್ತದೆ.

ಫಲಿತಸೂಚಕ ಶೀರ್ಷಿಕೆಗೆ ಕೃದಂತವೇ ಸಾಕೆ, ಅಥವಾ ‘-ಉತ್ತದೆ’ ಎಂಬ ರೂಪವನ್ನು ಶಾಸ್ತ್ರಬರಹದ ರೂಢಿಯೆಂದು ಒಪ್ಪಿಕೊಳ್ಳಬಹುದೆ ಎಂಬುದನ್ನು ಸಂಪಾದನೆಯ ಕೆಲಸದಲ್ಲಿರುವವರು ಉದಾಹರಣೆ ಸಹಿತ ತಿಳಿಸಬೇಕೆಂದು ಕೋರುತ್ತೇನೆ. ‘ಫಲಿತಸೂಚಕ’ಕ್ಕಿಂತ ಹಗುರಾದ ಪದವಿದ್ದರೆ ಅದನ್ನೂ ಸೂಚಿಸಿ.