ಪುಟ್ಟೀ, ಮೊದಲು ಡಾಲ್‌ಹೌಸಿಯನ್ನು ತೆಗೆ

ಪುಟ್ಟೀ, ನಿನ್ನ ಪ್ರಬಂಧದ ಫೋಟೊ ಗ್ರೂಪಿನಲ್ಲಿ ನೋಡಿದೆ. ಎರಡು ಸಲ ಓದಿದೆ. ಅಕ್ಷರ ಎಷ್ಟು ದುಂಡಗೆ ಬರೆಯುತ್ತೀಯ, ಖುಷಿಯಾಯ್ತು. ನಿನ್ನಪ್ಪ ಕೆಳಗೆ ಬರೆದಿದ್ದಾನೆ, "ಅಕ್ಕಾ, ವಚನ ಸಾಹಿತ್ಯ, ಕಿತ್ತೂರು ಚೆನ್ನಮ್ಮ, ಸಿ.ವಿ. ರಾಮನ್, ಈ ಮೂರರಲ್ಲಿ ಒಂದರ ಮೇಲೆ ಬರೆಯಬೇಕಂತೆ. ಇವಳು ಚೆನ್ನಮ್ಮನ ಮೇಲೆ ಬರೆದಿದ್ದಾಳೆ, ಸ್ವಲ್ಪ ತಿದ್ದಿಕೊಡು" ಅಂತ. ಸ್ವಲ್ಪ ಅಲ್ಲ, ಜಾಸ್ತಿನೇ ಹೇಳೋದಿದೆ. ಸಮಾಧಾನವಾಗಿ ಕೂತು ಕೇಳು.

ಮೊದಲನೇ ಮಾತು. ಎರಡನೇ ಪ್ಯಾರಾದಲ್ಲಿ ನೀನು, "ಡಾಲ್‌ಹೌಸಿಯ ದತ್ತು ಮಕ್ಕಳಿಗೆ ಹಕ್ಕಿಲ್ಲ ನೀತಿಯ ವಿರುದ್ಧ ಚೆನ್ನಮ್ಮ ಹೋರಾಡಿದಳು" ಅಂತ ಬರೆದಿದ್ದೀಯ. ಅಲ್ಲೇ ಮೇಲೆ ನೀನೇ 1824 ಅಂತ ಬರೆದಿದ್ದೀಯ, ನೋಡು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಅಂದರೆ ಕಿತ್ತೂರಿನ ಯುದ್ಧ ಮುಗಿದು 24 ವರ್ಷದ ಮೇಲೆ. ಅಷ್ಟರಲ್ಲಿ ಚೆನ್ನಮ್ಮ ತೀರಿಕೊಂಡೇ 19 ವರ್ಷ ಆಗಿತ್ತು. ಇನ್ನೂ ಬಾರದವನ ವಿರುದ್ಧ ಆಕೆ ಹೇಗೆ ಹೋರಾಡುತ್ತಾಳೆ ಹೇಳು?

ಬೇಜಾರು ಮಾಡಿಕೊಳ್ಳಬೇಡ. ಮೂವತ್ತು ವರ್ಷ ಸಮಾಜ ಪಾಠ ಮಾಡಿದೆ, ಈ ಸಾಲನ್ನು ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಸುತ್ತಿದ್ದೇನೋ ಲೆಕ್ಕ ಇಲ್ಲ. ಮಕ್ಕಳು ಬರೆಯುತ್ತಾರೆ, ಭಾಷಣದಲ್ಲಿ ದೊಡ್ಡವರೂ ಹೇಳುತ್ತಾರೆ. ನನಗೆ ಸಂಕಟ ಆಗೋದು ಯಾಕೆ ಗೊತ್ತಾ? ಡಾಲ್‌ಹೌಸಿಯ ಹೆಸರು ಹಾಕಿದ ಕೂಡಲೇ ಚೆನ್ನಮ್ಮ ಝಾನ್ಸಿಯ ಕಥೆಯ ಬಾಲ ಆಗಿಬಿಡುತ್ತಾಳೆ. ಕಿತ್ತೂರಿನದು 1857ಕ್ಕಿಂತ 33 ವರ್ಷ ಮುಂಚಿನ ಮಾತು. ಆಕೆ ನೋಡಿ ಕಲಿಯಲು ಝಾನ್ಸಿಯ ಕಥೆ ಇನ್ನೂ ನಡೆದೇ ಇರಲಿಲ್ಲ.

ಹಾಗಾದರೆ ನಡೆದದ್ದೇನು? 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಅವನು ಚೆನ್ನಮ್ಮನ ಹೊಟ್ಟೆಯ ಮಗ ಅಲ್ಲ, ಆಕೆಯ ಗಂಡ ಮಲ್ಲಸರ್ಜನ ಹಿರಿಯ ಹೆಂಡತಿ ರುದ್ರಮ್ಮನ ಮಗ. ಇದನ್ನೂ ತಿದ್ದಿಕೋ. ಅವನಿಗೆ ಮಕ್ಕಳಿರಲಿಲ್ಲ. ಸಾಯುವ ಮುಂಚೆ ಶಿವಲಿಂಗಪ್ಪ ಅನ್ನುವ ಹುಡುಗನನ್ನು ದತ್ತು ತಗೊಂಡಿದ್ದಾನೆ ಅಂತ ಕಿತ್ತೂರಿನವರು ಧಾರವಾಡಕ್ಕೆ ತಿಳಿಸಿದರು. ಆಗ ಧಾರವಾಡದ ಕಲೆಕ್ಟರ್ ಥ್ಯಾಕರೆ. ಆ ದತ್ತು ಪತ್ರದ ಮೇಲೇ ಅವನಿಗೆ ಅನುಮಾನ, ಒಪ್ಪಲಿಲ್ಲ. ಪೇಶ್ವೆಯ ರಾಜ್ಯ 1818ರಲ್ಲಿ ಬಿದ್ದ ಮೇಲೆ ಕಿತ್ತೂರು ಕಂಪನಿಯ ಅಧೀನ, ಹಾಗಾಗಿ ನಮ್ಮ ಒಪ್ಪಿಗೆ ಇಲ್ಲದೆ ದತ್ತು ನಡೆಯಲ್ಲ ಅನ್ನೋದು ಅವರ ವಾದ. ಇದೇ ವಾದವನ್ನು ಮುಂದೆ ಡಾಲ್‌ಹೌಸಿ ದೊಡ್ಡದಾಗಿ, ದೇಶದ ತುಂಬ ಬಳಸಿದ. ಹೀಗೆ ಬರೆದರೆ ಸರಿ. ಡಾಲ್‌ಹೌಸಿ ಬೇಕೇ ಬೇಕು ಅಂದರೆ ಕೊನೆಯಲ್ಲಿ ಒಂದು ಸಾಲು ಕೊಡು, ಸಾಕು.

ಈಗ ಎರಡನೇ ಮಾತು. ನೀನು ಹುಟ್ಟಿದ್ದರಿಂದ ಸಾಯುವ ತನಕ ಎಲ್ಲಾ ಬರೆದಿದ್ದೀಯ. ಕಾಕತಿಯಲ್ಲಿ ಹುಟ್ಟು, ಕುದುರೆ ಸವಾರಿ, ಮದುವೆ, ಯುದ್ಧ, ಸೆರೆ. ನಲವತ್ತು ಮಕ್ಕಳೂ ಇದನ್ನೇ ಬರೆದು ತರುತ್ತಾರೆ. ಪುಟ್ಟೀ, ನೀನು ಒಂದೇ ಒಂದು ದಿನ ಬರಿ. 1824ರ ಅಕ್ಟೋಬರ್ 23.

ಥ್ಯಾಕರೆ ಅದಾಗಲೇ ಕಿತ್ತೂರಿಗೆ ಬಂದು ಖಜಾನೆಗೆ ಮೊಹರು ಹಾಕಿಸಿ ಕಾವಲು ಇಟ್ಟಿದ್ದ. ಇದನ್ನು ಕಣ್ಣ ಮುಂದೆ ತಂದುಕೋ. ಮನೆಯಲ್ಲಿ ಸಾವಾಗಿ ಆರು ವಾರ ಕೂಡ ಆಗಿಲ್ಲ, ಹೊರಗಿನವನೊಬ್ಬ ಬಂದು ಮನೆಯ ತಿಜೋರಿಗೆ ಬೀಗ ಜಡಿದು ತನ್ನ ಆಳು ನಿಲ್ಲಿಸುತ್ತಾನೆ. ಅವತ್ತು ಬೆಳಿಗ್ಗೆ ಅವನು ನೋಡುತ್ತಾನೆ, ಕೋಟೆಯ ಬಾಗಿಲು ಮುಚ್ಚಿದೆ. ತೆಗೆಯಿರಿ ಅಂದ, ತೆಗೆಯಲಿಲ್ಲ. ಬಾಗಿಲಿಗೆ ಎದುರಾಗಿ ತೋಪು ನಿಲ್ಲಿಸಿದ. ಒಡೆಯುವ ಮೊದಲೇ ಬಾಗಿಲು ತಾನಾಗಿ ತೆರೆಯಿತು. ಒಳಗಿನಿಂದ ಕಿತ್ತೂರಿನ ಪಡೆ ನುಗ್ಗಿ ಬಂತು. ಥ್ಯಾಕರೆ ಅಲ್ಲೇ ಸತ್ತ. ಅವನಿಗೆ ಗುಂಡು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಇಂದಿಗೂ ಹೇಳುತ್ತಾರೆ.

ಇನ್ನೊಂದು. ಚಿತ್ರದಲ್ಲಿ ನೋಡಿ ನೀನು "ತರುಣಿ ಚೆನ್ನಮ್ಮ" ಅಂತ ಬರೆದಿದ್ದೀಯ. ಆಕೆ ಹುಟ್ಟಿದ್ದು 1778 ಅಂತಾರೆ. ಅವತ್ತು ಆಕೆಗೆ 46ರ ಆಸುಪಾಸು. ಗಂಡ ಹೋಗಿ ಎಂಟು ವರ್ಷ ಆಗಿತ್ತು, ಹೆತ್ತ ಮಗನೂ ಉಳಿದಿರಲಿಲ್ಲ. ಆ ವಯಸ್ಸಿನ ಒಬ್ಬ ಹೆಂಗಸು ಬಾಗಿಲು ತೆಗೆಯಬೇಡಿ ಅಂದಳು ಅಲ್ವಾ, ಅದನ್ನು ಬರಿ.

ಅವತ್ತು ಥ್ಯಾಕರೆಯ ಸಹಾಯಕರಿಬ್ಬರು ಸೆರೆ ಸಿಕ್ಕರು, ಸ್ಟೀವನ್‌ಸನ್ ಮತ್ತು ಎಲಿಯಟ್. ಈ ಎಲಿಯಟ್ ಬಗ್ಗೆ ಹೇಳಲೇಬೇಕು, ನನಗೆ ತುಂಬಾ ಹಿಡಿಸಿದ ಸಂಗತಿ ಇದು. ವಾಲ್ಟರ್ ಎಲಿಯಟ್ ಆಗ 21 ವರ್ಷದ ಹುಡುಗ. ಸುಮಾರು ಆರು ವಾರ ಕಿತ್ತೂರಿನಲ್ಲಿ ಸೆರೆಯಲ್ಲಿದ್ದ. ಅವರ ಕೂದಲೂ ಕೊಂಕಲಿಲ್ಲ, ಡಿಸೆಂಬರಿನಲ್ಲಿ ಬಿಟ್ಟು ಕಳಿಸಿದರು. ಆಮೇಲೆ ಅವನೇ ನಮ್ಮ ಕಡೆ ಊರೂರಿನ ಶಾಸನಗಳನ್ನು ಹುಡುಕಿ ನಕಲು ಮಾಡಿಸಿದ, 500ಕ್ಕೂ ಹೆಚ್ಚು. ಚಾಲುಕ್ಯರ ಇತಿಹಾಸ ಜೋಡಿಸಲು ಅವು ಬಹಳ ನೆರವಾದವು. ಕಿತ್ತೂರಿನವರು ಸಿಟ್ಟಿನಲ್ಲಿ ಅವನನ್ನು ಮುಗಿಸಿದ್ದರೆ? ಪ್ರಬಂಧದಲ್ಲಿ ಇದಕ್ಕೊಂದು ಪ್ಯಾರಾ ಕೊಡು. ನಿಮ್ಮ ಮೇಡಂ ಓದಿ ಖಂಡಿತ ನಿನ್ನನ್ನು ಕರೆದು ಮಾತಾಡಿಸುತ್ತಾರೆ.

ಡಿಸೆಂಬರಿನ ಎರಡನೇ ಯುದ್ಧ ಚಿಕ್ಕದಾಗಿ ಮುಗಿಸು. ದೊಡ್ಡ ಸೈನ್ಯ ಬಂತು, ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ, ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. ಅಲ್ಲೇ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆದರೆ ರಾಯಣ್ಣನನ್ನು ಬಿಡಬೇಡ. ಸಂಗೊಳ್ಳಿ ರಾಯಣ್ಣ ಆಮೇಲೆ ಹೋರಾಡಿದ್ದು ಅದೇ ದತ್ತು ಹುಡುಗ ಶಿವಲಿಂಗಪ್ಪನನ್ನು ಗದ್ದುಗೆಗೆ ಕೂರಿಸಲು. 1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಖಜಾನೆಯ ಮೊಹರಿನಿಂದ ನಂದಗಡದ ತನಕ ಒಂದೇ ಎಳೆ ಅದು.

ನಿನ್ನ ತಮ್ಮ ಸಿ.ವಿ. ರಾಮನ್ ಬಗ್ಗೆ ಬರೆಯುತ್ತಾನಂತಲ್ಲ, ಅವನಿಗೂ ಹೇಳು. ಫೆಬ್ರವರಿ 28 ವಿಜ್ಞಾನ ದಿನ ಆಗಿರೋದು ರಾಮನ್ ಹುಟ್ಟಿದ ದಿನ ಅಂತ ಅಲ್ಲ. ಹುಟ್ಟಿದ್ದು ನವೆಂಬರ್ 7. 1928ರ ಆ ದಿನ ಕಲ್ಕತ್ತೆಯಲ್ಲಿ ತಮ್ಮ ಶೋಧನೆ ಕಂಡುಕೊಂಡರು ಅಂತ. 1921ರಲ್ಲಿ ಹಡಗಿನ ಮೇಲೆ ನಿಂತು "ಕಡಲು ಯಾಕೆ ನೀಲಿ?" ಅಂತ ಯೋಚಿಸಿದರಲ್ಲ, ಅಲ್ಲಿಂದ ಶುರು ಮಾಡಲಿ. ವಚನದ ಮೇಲೆ ಯಾರಾದರೂ ಬರೆಯುವುದಾದರೆ ಆಯ್ದಕ್ಕಿ ಲಕ್ಕಮ್ಮ ಒಬ್ಬಳೇ ಸಾಕು. ಗಂಡ ಬೇಕಿದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಅಂದವಳು.

ತಮ್ಮಾ, ಇದು ನಿನಗೆ. ಪ್ರಬಂಧ ಕೊಡೋಕೆ ಇನ್ನೂ ಎಂಟು ದಿನ ಇದೆ ಅಂದೆಯಲ್ಲ, ಭಾನುವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಾ. ಧಾರವಾಡದಿಂದ ಕಿತ್ತೂರು ಹತ್ತಿರವೇ, ನಾನೂ ಬರುತ್ತೇನೆ. ಅರಮನೆ ಪೂರ್ತಿ ಹಾಳು ಬಿದ್ದಿದೆ, ಗೋಡೆಗಳಷ್ಟೇ. ಆದರೆ ಒಂದು ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡಲು ಕೂರಿಸಿದ ಕೊಳವೆ ಇನ್ನೂ ಇದೆ. ಪುಟ್ಟಿ ಅದಕ್ಕೆ ಕಣ್ಣಿಟ್ಟು ನೋಡಲಿ. ಆಮೇಲೆ ಬಾಗಿಲಿದ್ದ ಜಾಗದಲ್ಲಿ ನಿಂತು ಮೊದಲ ಪ್ಯಾರಾ ಅಲ್ಲೇ ಬರೆಯಲಿ. ಬುತ್ತಿ ನಾನು ಕಟ್ಟಿಕೊಂಡು ಬರುತ್ತೇನೆ, ರೊಟ್ಟಿ, ಶೇಂಗಾ ಚಟ್ನಿ, ಮೊಸರು.